ಪರದೆಯ ಮೇಲೆ ಜಯದೇವಿಯವರು ಆಡಿದ ಕನ್ನಡ

ಖಾಸಗಿ ಜೆಟ್ಟಿನಲ್ಲಿ ಹೊರದೇಶದಿಂದ ಬರುವವರು ಸುಂಕದ ಅಧಿಕಾರಿಯ ಮುಂದೆ ಸಾಲುಗಟ್ಟಿ ನಿಲ್ಲಬೇಕಾಗಿಲ್ಲ. ಅಧಿಕಾರಿಯೇ ಪರದೆಯೇರಿ ಅವರ ಆಸನದ ಬಳಿಗೆ ಹೋಗುವ ಕಾಲವಿದು. ಷಿಕಾಗೋ ಸುತ್ತಲಿನ, ತಪಾಸಣೆಯವರಿಲ್ಲದ ಸಣ್ಣ ನಿಲ್ದಾಣಗಳಲ್ಲಿ ವಿಮಾನ ಬಂದು ನಿಂತಾಗ, ಪೈಲಟ್ ಟ್ಯಾಬ್ಲೆಟ್ ಹಿಡಿದು ಪ್ರಯಾಣಿಕರ ಮುಖ, ಪಾಸ್‌ಪೋರ್ಟ್, ಸಾಮಾನುಗಳನ್ನು ತೋರಿಸುತ್ತಾನೆ. ಸುಮಾರು ಮುನ್ನೂರು ಮೈಲಿ ದೂರದಲ್ಲಿ, ಡೆಟ್ರಾಯಿಟ್ ಹೊರವಲಯದ ಕಿಟಕಿಯಿಲ್ಲದ ಕೋಣೆಯೊಂದರಲ್ಲಿ ಕುಳಿತವರು "ಇಳಿಯಬಹುದು" ಎಂದ ಮೇಲಷ್ಟೇ ಬಾಗಿಲು ತೆರೆಯುತ್ತದೆ. ಈ ಹೊಸ ವಿದ್ಯೆಯ ಮೊದಲ ತಲೆಮಾರಿನವರೂ, ಇಪ್ಪತ್ತೇಳು ವರ್ಷಗಳ ಸೇವೆಯಿಂದ ಈಗ ನಿವೃತ್ತರಾದವರೂ ಆದ ಶ್ರೀಮತಿ ಜಯದೇವಿ ಕಲ್ಲಿನಾಥ ಅವರನ್ನು ಅಭಿನಂದಿಸುವ ಭಾಗ್ಯ ನನ್ನದಾಗಿದೆ.

ಈ ಅಭಿನಂದನ ಸಂಪುಟದ ಸಂಪಾದಕಿ ಶರಣ್ಯಾ ಅವರು ಫೋನಿನಲ್ಲಿ "ಇಮಾದ್, ಡೈಲಾಗ್ ಬೇಡ, ಜೋಕ್ ಬೇಡ, ನೀಟಾಗಿ ಬರೆದುಕೊಡಿ" ಎಂದು ಎರಡು ಸಲ ಎಚ್ಚರಿಸಿದ್ದಾರೆ. ಪ್ರಯತ್ನಿಸುತ್ತೇನೆ.

ತಾಳಿಕೋಟೆಯಿಂದ ಬಂದ ಜಯದೇವಿಯವರು ಮೊದಲ ಇಪ್ಪತ್ತೊಂದು ವರ್ಷಗಳನ್ನು ಕೆನಡಾ ಗಡಿಯ ಸೇತುವೆಯ ತಪಾಸಣಾ ಕಟ್ಟೆಯಲ್ಲಿ, ಲಾರಿಗಳ ಹೊಗೆ ಕುಡಿಯುತ್ತ ಕಳೆದರು. ಅವರು ಪರದೆಯ ಕೋಣೆಗೆ ಬಂದ ಎರಡನೆಯ ವರ್ಷ ನಾನು ಅಲ್ಲಿ ಕ್ಯಾಮೆರಾ, ಧ್ವನಿ, ಸಂಪರ್ಕ ನೋಡಿಕೊಳ್ಳುವ ಗುತ್ತಿಗೆಯ ತಂತ್ರಜ್ಞನಾಗಿ ಸೇರಿದೆ. ವಿಡಿಯೊ ಕರೆಯಲ್ಲಿ ಚಿತ್ರ ನಿಂತುಹೋದಂತೆ ಕ್ಯಾಮೆರಾ ಮುಂದೆ ಕದಲದೆ ಕೂತು ಎಲ್ಲರನ್ನೂ ಗಾಬರಿಪಡಿಸುವುದು ನನ್ನ ಆಗಿನ ಹವ್ಯಾಸ. ಮೊದಲ ವಾರವೇ ಅವರ ಮುಂದೆ ಹಾಗೆ ಕೂತೆ.

"ಚಿತ್ರ ನಿಂತೈತಿ ಖರೆ, ಕಣ್ಣ್ ಯಾಕೋ ಪಿಳಿಪಿಳಿ ಅಂತಾವ?" ಎಂದರು.

"ಆಂಟಿ, ಈ ರೂಮಿಗೆ ಮನುಷ್ಯರಾಗಿ ಬಂದೋರೆಲ್ಲ ಫೈಲ್ ಆಗಿ ಹೊರಗೆ ಹೋಗ್ತಾರೆ!" ಎಂದು ಗಡಸು ದನಿಯಲ್ಲಿ ಸಿನಿಮಾ ಡೈಲಾಗ್ ಬಿಟ್ಟೆ.

"ಮೊದಲ ಮೈಕ್ ಸರಿ ಮಾಡು, ಹೀರೋ."

ಅವರು ಮೇಲಿನವರಿಗೆ ದೂರು ಕೊಡಲಿಲ್ಲ. ರಂಜಾನ್ ತಿಂಗಳಿನಲ್ಲಿ ತಮ್ಮ ಮಧ್ಯಾಹ್ನದ ಡಬ್ಬಿಯನ್ನು ಸಂಜೆಯವರೆಗೆ ಮುಚ್ಚಿಟ್ಟು, ನಾನು ಉಪವಾಸ ಬಿಡುವ ಹೊತ್ತಿಗೆ ರೊಟ್ಟಿ, ಶೇಂಗಾ ಹಿಂಡಿ ಹಂಚಿಕೊಂಡು ಉಣ್ಣುತ್ತಿದ್ದರು. ಕಾರಣ ಕೇಳಿದರೆ "ನನಗ ಈಗ ಹಸಿವಾತು" ಎನ್ನುವರು.

ಆದರೆ ಈ ಕನ್ನಡವೆಲ್ಲ ಊಟದ ಕೋಣೆಗೆ ಸೀಮಿತ. ಪರದೆಯ ಮುಂದೆ ಅವರು ಒಂದಕ್ಷರ ಕನ್ನಡ ಆಡುತ್ತಿರಲಿಲ್ಲ. ಷಿಕಾಗೋ ಹೊರವಲಯದ ಓಕ್ ಬ್ರೂಕಿನ ನಮ್ಮವರು ಜೆಟ್ಟಿನಲ್ಲಿ ಬಂದು "ನಮಸ್ಕಾರ ಮೇಡಂ" ಎಂದರೂ ಉತ್ತರ ಇಂಗ್ಲಿಷಿನಲ್ಲೇ. ತನ್ನವರಿಗೆ ಸಲಿಗೆ ತೋರಿದಳೆಂಬ ಮಾತು ಬರಬಾರದೆಂದು ಇಪ್ಪತ್ತಾರು ವರ್ಷ ಕಟ್ಟಿಕೊಂಡು ಬಂದ ಗೋಡೆ ಅದು. ನಾವೆಲ್ಲ ಅದನ್ನು ಪ್ರಾಮಾಣಿಕತೆ ಎಂದೇ ತಿಳಿದಿದ್ದೆವು. ಪ್ರಾಮಾಣಿಕತೆಯೇ ಆಗಿತ್ತು. ಅದಕ್ಕೆ ಬೆಲೆ ತೆತ್ತವಳು ಬೇರೊಬ್ಬಳು.

ಎರಡು ವರ್ಷಗಳ ಹಿಂದಿನ ಫೆಬ್ರವರಿ. ಹೊರಗೆ ನಾಲ್ಕು ಡಿಗ್ರಿ ಫ್ಯಾರನ್‌ಹೀಟ್, ಎಂದರೆ ಮೂಳೆ ಕೊರೆಯುವ ಚಳಿ. ಓಕ್ ಬ್ರೂಕಿನ ದಂಪತಿಯ ಜೆಟ್ ಬಂದು ನಿಂತಿತು. ಮೊಕದ್ದಮೆ ನಡೆಯುತ್ತಿರುವುದರಿಂದ ಅವರನ್ನು ದೇವೇಂದ್ರ, ಜಾನ್ವಿ ಎಂದಿಟ್ಟುಕೊಳ್ಳೋಣ. ಹಿಂದಿನ ಆಸನದಲ್ಲಿ, ತಾಳಿಕೋಟೆಯ ನೆರೆಯ ಮುದ್ದೇಬಿಹಾಳ ಕಡೆಯ ಮನೆಗೆಲಸದ ಹೆಂಗಸು; ಅವಳಿಗೆ ತಾಹೇರಾ ಎನ್ನೋಣ. ಅವಳ ಪಾಸ್‌ಪೋರ್ಟನ್ನು ಜಾನ್ವಿಯವರೇ ಕ್ಯಾಮೆರಾಕ್ಕೆ ಹಿಡಿದರು. ಜಯದೇವಿಯವರ ಎದೆಯ ಮೇಲಿನ ಹೆಸರುಪಟ್ಟಿಯನ್ನು ಜಾನ್ವಿಯವರು ಗಟ್ಟಿಯಾಗಿ ಓದಿದ್ದು ಕೇಳಿಸಿತೇನೋ, ತಾಹೇರಾ ಮುಂದಕ್ಕೆ ಬಾಗಿ, "ಅಕ್ಕಾ, ನೀವು ನಮ್ಮ ಕಡೆಯವರೇನು?" ಎಂದಳು.

ಜಯದೇವಿಯವರು ನಕ್ಕರು. ಇಂಗ್ಲಿಷಿನಲ್ಲಿ ಸ್ವಾಗತ ಕೋರಿದರು. ಇಳಿಯಬಹುದು ಎಂದರು. ನಾನು ಅಂದು ಸಂಜೆಯವರೆಗೂ ಊಟದ ಕೋಣೆಯಲ್ಲಿ ತಾಹೇರಾಳ ದನಿಯನ್ನು ಅಣಕಿಸಿದೆ. ಎಲ್ಲರೂ ನಕ್ಕರು, ಅವರು ಮಾತ್ರ ಚಹಾದ ಲೋಟ ಹಿಡಿದು ಎದ್ದುಹೋದರು.

ಅದೇ ವರ್ಷದ ಡಿಸೆಂಬರಿನಲ್ಲಿ ಅದೇ ಜೆಟ್ ಕ್ಯಾರಿಬಿಯನ್ ದ್ವೀಪವೊಂದರಿಂದ ಬಂತು. ಅದೇ ಮೂವರು. ಮತ್ತೆ ತಾಹೇರಾಳ ಪಾಸ್‌ಪೋರ್ಟ್ ಜಾನ್ವಿಯವರ ಕೈಯಲ್ಲಿ.

"ಅವರವರ ಪಾಸ್‌ಪೋರ್ಟನ್ನು ಅವರವರೇ ಹಿಡಿಯಿರಿ," ಎಂದು ಜಯದೇವಿಯವರು ಇಂಗ್ಲಿಷಿನಲ್ಲಿ ಹೇಳಿದರು.

"ಏನ್ ಆಂಟಿ, ನಮ್ಮನ್ನೂ ಹೀಗಾ? ಕನ್ನಡ ಸಂಘದ ಫಂಕ್ಷನ್‌ನಲ್ಲಿ ಪಕ್ಕದಲ್ಲೇ ಕೂತಿದ್ವಲ್ಲ!" ದೇವೇಂದ್ರ ನಕ್ಕರು.

ತಾಹೇರಾ ತನ್ನ ಪಾಸ್‌ಪೋರ್ಟನ್ನು ಇಸಿದುಕೊಂಡು, ಮುಚ್ಚಿದ್ದಂತೆಯೇ, ತಲೆಕೆಳಗಾಗಿ ಎತ್ತಿ ಹಿಡಿದಳು. ಸ್ವೆಟರಿನ ತೋಳು ಜಾರಿತು. ಬಲಗೈಯ ಕೊನೆಯ ಎರಡು ಬೆರಳುಗಳಿಗೆ ತುದಿಯಿರಲಿಲ್ಲ. ಅದೇ ಫೆಬ್ರವರಿಯಲ್ಲಿ, ನಾವು ಇಳಿಯಬಹುದು ಎಂದ ಮೇಲೆ, ಹಿತ್ತಲಿನ ಹಿಮವನ್ನು ಬರಿಗೈಯಲ್ಲಿ ತೆಗೆಸಿದ್ದರೆಂದೂ, ಬೆರಳು ಕಪ್ಪಾದ ಮೇಲೂ ವೈದ್ಯರಿಗೆ ತೋರಿಸಲಿಲ್ಲವೆಂದೂ ಮುಂದೆ ದೂರಿನಲ್ಲಿ ದಾಖಲಾಯಿತು. ಆ ಕ್ಷಣದಲ್ಲಿ ನಮಗೆ ಕಂಡದ್ದು ಕೈ ಮಾತ್ರ.

ಜಯದೇವಿಯವರು ಮೈಕ್ ಮುಚ್ಚಿದರು. "ಇಮಾದ್, ನಿನ್ನ ಆ ಆಟ ಆಡು. ಈಗ."

ವಿಮಾನಕ್ಕೆ ಹೋಗುತ್ತಿದ್ದ ಚಿತ್ರವನ್ನು ನಿಲ್ಲಿಸಿದೆ. ವಿಮಾನದ ಹಿಂಬದಿಯಲ್ಲಿ ಸಿಗ್ನಲ್ ಸಾಲದೆಂದೂ, ಟ್ಯಾಬ್ಲೆಟ್ಟನ್ನು ಮುಂದೆ ಕಾಕ್‌ಪಿಟ್ಟಿಗೆ ಒಯ್ದು, ಬಾಗಿಲು ಹಾಕಿ, ಒಬ್ಬೊಬ್ಬರನ್ನೇ ಕರೆಯಬೇಕೆಂದೂ ಅವರು ಪೈಲಟ್‌ಗೆ ಹೇಳಿದರು. ಚಿತ್ರ ಮತ್ತೆ ಬಿಟ್ಟೆ. ದೇವೇಂದ್ರ ಬಂದುಹೋದರು, ಜಾನ್ವಿ ಬಂದುಹೋದರು. ಮೂರನೆಯವಳು ಬಂದಾಗ, ಎಲ್ಲವೂ ರೆಕಾರ್ಡ್ ಆಗುವ ಆ ಪರದೆಯ ಮೇಲೆ, ಜಯದೇವಿಯವರು ಮೊದಲ ಬಾರಿಗೆ ಕನ್ನಡ ಆಡಿದರು.

"ತಂಗಿ, ನಿನ್ನ ಪಾಸ್‌ಪೋರ್ಟ್ ಎಲ್ಲಿರತೈತಿ?"

"ಜಾನ್ವಿ ಅಕ್ಕಾರ ಕಪಾಟಿನ್ಯಾಗ. ಕೀಲಿ ಹಾಕಿರ್ತಾರ."

"ಇಲ್ಲಿಂದ ಇಳದು ಅವರ ಮನಿಗೆ ಹೋಗತೀ ಏನು?"

ಅವಳು ಟ್ಯಾಬ್ಲೆಟ್ಟನ್ನು ಮುಖದ ಹತ್ತಿರಕ್ಕೆ ತಂದುಕೊಂಡಳು.

"ಹೋದ ಸಲಾನೂ ನೀವ ಇದ್ರಿ," ಎಂದಳು. "ನಾ ಕೇಳಿದ್ದೆ. ನೀವು ನಕ್ಕಿದ್ರಿ."

ಗಡಿಯ ಕಟ್ಟೆಯಲ್ಲಿ ಲಾರಿ ಚಾಲಕರ ಬೈಗುಳಕ್ಕೂ ಮಿಸುಕದವರು ಎರಡು ಕೈಗಳಿಂದ ಮೇಜಿನ ಅಂಚು ಹಿಡಿದುಕೊಂಡರು. "ಹೌದವ್ವಾ, ನಕ್ಕಿದ್ದೆ. ಈಗ ಕೇಳಾಕತ್ತೀನಿ. ಹೋಗತೀ ಏನು?"

"ಇಲ್ಲ."

ಬಾಗಿಲು ತೆರೆಯಕೂಡದೆಂದು ಪೈಲಟ್‌ಗೆ ಆದೇಶ ಹೋಯಿತು. ಷಿಕಾಗೋದಿಂದ ಅಧಿಕಾರಿಗಳು ಹೆದ್ದಾರಿ ಹಿಡಿದು ಬರಲು ಐವತ್ತು ನಿಮಿಷ ಬೇಕಾಯಿತು. ಅಷ್ಟೂ ಹೊತ್ತು ತಾಹೇರಾಳನ್ನು ಪೈಲಟ್‌ನ ಪಕ್ಕದ ಆಸನದಲ್ಲೇ ಕೂರಿಸಿ, ಜಯದೇವಿಯವರು ಮಾತಾಡುತ್ತಲೇ ಇದ್ದರು: ಮುದ್ದೇಬಿಹಾಳದ ಸಂತೆ, ಜೋಳದ ಹಿಟ್ಟು, ಯಾವ ಬಸ್ಸು ಎಲ್ಲಿ ನಿಲ್ಲುತ್ತದೆ. ಅವಳು ಪಾಸ್‌ಪೋರ್ಟನ್ನು ಸ್ವೆಟರಿನೊಳಗೆ ಸೇರಿಸಿಕೊಂಡಳು. ಬಾಗಿಲ ಆಚೆಯಿಂದ ದೇವೇಂದ್ರರ ದನಿ ಮಾತ್ರ ಕೇಳುತ್ತಿತ್ತು: "ಆಂಟಿ, ರಿಟೈರ್‌ಮೆಂಟ್ ಹತ್ರ ಇದೆ ನಿಮ್ಗೆ. ಯೋಚ್ನೆ ಮಾಡಿ!"

ಯೋಚಿಸಬೇಕಾದದ್ದು ಬಳಿಕವೂ ಇತ್ತು. ಮೇಲಧಿಕಾರಿಗಳಿಗೆ ತಿಳಿಯದ ಭಾಷೆಯಲ್ಲಿ ಪ್ರಶ್ನಿಸಿದ್ದು, ಸುಳ್ಳು ಕಾರಣ ಹೇಳಿ ಚಿತ್ರ ನಿಲ್ಲಿಸಿದ್ದು, ಎರಡಕ್ಕೂ ವಿಚಾರಣೆ ನಡೆಯಿತು. ಚಿತ್ರ ನಿಲ್ಲಿಸಿದವನು ನಾನು. ನನ್ನ ಗುತ್ತಿಗೆ ಒಂದು ಸಹಿಯಲ್ಲಿ ಹೋಗುವಂಥದ್ದು. "ಆ ಹುಡುಗನಿಗೆ ಆಜ್ಞೆ ಕೊಟ್ಟವಳು ನಾನು" ಎಂದು ಬರೆದುಕೊಟ್ಟು ನನ್ನ ಅನ್ನ ಉಳಿಸಿದರು.

ಅದರ ಕೆಳಗೆ, ಯಾರೂ ಕೇಳದ ಇನ್ನೊಂದನ್ನೂ ಬರೆದರು. ಫೆಬ್ರವರಿಯಲ್ಲಿ ಈ ಹೆಂಗಸು ತನ್ನೊಡನೆ ಮಾತಿಗೆ ಬಂದಳು, ತಾನು ಉತ್ತರಿಸಲಿಲ್ಲ, ಪಾಸ್‌ಪೋರ್ಟ್ ಅಂದೂ ಪರರ ಕೈಯಲ್ಲಿತ್ತು, ಆ ದೃಶ್ಯವನ್ನು ತೆಗೆದಿಡಬೇಕು. ಒಂದು ವರ್ಷ ತುಂಬಿದರೆ ನಮ್ಮಲ್ಲಿ ರೆಕಾರ್ಡಿಂಗುಗಳು ತಾವೇ ಅಳಿಯುತ್ತವೆ. ಇನ್ನು ಎಂಟು ವಾರ ಸುಮ್ಮನಿದ್ದಿದ್ದರೆ ಅವರ ತಪ್ಪೂ ಅಳಿಯುತ್ತಿತ್ತು, ತಾಹೇರಾಳ ಸಾಕ್ಷ್ಯವೂ ಅಳಿಯುತ್ತಿತ್ತು.

"ಯಾಕೆ ಬರೆದ್ರಿ ಆಂಟಿ? ಕ್ಲೈಮ್ಯಾಕ್ಸ್‌ನಲ್ಲಿ ಹೀರೋಯಿನ್ನೇ ತಾನು ವಿಲನ್ ಅಂತ ಒಪ್ಕೊಳ್ತಾಳಾ?"

"ಇದು ಸಿನಿಮಾ ಅಲ್ಲೋ. ಆಕಿ ಕೇಳಿದ್ಲು, ನಾ ನಕ್ಕೆ. ಅದನ್ನ ಬಿಟ್ಟು ಆಕಿ ಕತಿ ಹೆಂಗ ಹೇಳ್ತಿ?"

ಆ ಪುಟವನ್ನು ಎದುರು ವಕೀಲರು ಇಂದಿಗೂ ಎತ್ತಿ ತೋರಿಸುತ್ತಾರೆ: ಸ್ವತಃ ಅಧಿಕಾರಿಗೇ ಅಂದು ಏನೂ ಅನುಮಾನ ಬಂದಿರಲಿಲ್ಲವಲ್ಲ! ಇಲಾಖೆ ಪದಕ ಕೊಡಲಿಲ್ಲ. ಕೊನೆಯ ಎಂಟು ತಿಂಗಳು ಕಡತಗಳ ಕೋಣೆಯನ್ನು ಕೊಟ್ಟಿತು. ಷಿಕಾಗೋ ಬಳಿಯ ಡೌನರ್ಸ್ ಗ್ರೋವಿನ ಕನ್ನಡ ಸಂಘದ ದೀಪಾವಳಿ ಕೂಟದಲ್ಲಿ ಹಿರಿಯರೊಬ್ಬರು, "ನಮ್ಮವರಾಗಿ ನಮ್ಮವರಿಗೇ ಹೀಗೆ ಮಾಡ್ಬಿಟ್ರಲ್ಲ ಮೇಡಂ" ಎಂದರು. "ತಾಹೇರಾನೂ ನಮ್ಮಾಕಿನ ರೀ" ಎಂದು ಹೇಳಿ ಜಯದೇವಿಯವರು ತಟ್ಟೆ ಕೆಳಗಿಟ್ಟರು. ಆಮೇಲೆ ಆ ಮೇಜಿಗೆ ಯಾರೂ ಬಂದು ಕೂರಲಿಲ್ಲ. ನಾನೊಬ್ಬ ಕೂತೆ.

ಮೊಕದ್ದಮೆ ಮುಗಿದಿಲ್ಲ. ವಿಚಾರಣೆ ಇರುವ ದಿನ ಜಯದೇವಿಯವರು ಬೆಳಿಗ್ಗೆಯೇ ಕಾರು ಹತ್ತಿ ಷಿಕಾಗೋ ಸೇರಿ, ಕೊನೆಯ ಬೆಂಚಿನಲ್ಲಿ ಕೂರುತ್ತಾರೆ. ಉಳಿದ ದಿನಗಳಲ್ಲಿ ಅಲ್ಲೇ ಸಮೀಪದ ಲಿಸ್ಲ್ ಊರಿನ ಆಶ್ರಯಕೇಂದ್ರಕ್ಕೆ ಬರುವ ಹೆಂಗಸರಿಗೆ ಫೋನಿನಲ್ಲಿ ದುಭಾಷಿಯಾಗುತ್ತಾರೆ. ತಾಹೇರಾ ಇರುವುದೂ ಅಲ್ಲಿಯೇ. ಅವಳು ಅವರೊಡನೆ ಮಾತಾಡುವುದಿಲ್ಲ.

ಈ ಸಂಪುಟಕ್ಕಾಗಿ ಎರಡು ಮಾತು ಕೇಳಲು ನಾನು ಅವಳ ಬಳಿಗೆ ಹೋಗಿದ್ದೆ. ಅವಳು ಯೋಚಿಸಿ ಹೇಳಿದಳು: "ಅವರು ಖರೇ ಹೇಳಿದ್ರು ಅಂತ ಬರಿ. ನಾ ಮಾಫ್ ಮಾಡೀನಿ ಅಂತ ಬರೀಬ್ಯಾಡ."

ಬರೆದಿದ್ದೇನೆ. ಜಯದೇವಿಯವರಿಗೆ ದುಭಾಷಿಯ ಕೆಲಸ ಕೈತುಂಬ ಇರಲಿ, ಮೈಯಲ್ಲಿ ಕಸುವಿರಲಿ. ಮತ್ತು ಆಯುಸ್ಸು ದೀರ್ಘವಾಗಿರಲಿ, ತಾಹೇರಾ ಒಂದು ದಿನ ಆ ಎರಡನೆಯ ವಾಕ್ಯವನ್ನು ಹಿಂತೆಗೆದುಕೊಳ್ಳಬೇಕೆಂದಿದ್ದರೆ, ಅದನ್ನು ಕೇಳಲು ಅವರು ಇರುವಷ್ಟು.