ಜುಲೈಯಲ್ಲಿ ಬರೆದ ಡಿಸೆಂಬರ್ ಪತ್ರ

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನನ್ನ ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು. ಹತ್ತನೇ ತರಗತಿಯ ನಡುವೆ ಶಾಲೆ ಬಿಟ್ಟವಳು, ದೊಡ್ಡ ಮಾತುಗಳೂ ಬರುವುದಿಲ್ಲ. ಒಂದೊಂದು ಸಾಲನ್ನೂ ಬೇರೆ ಹಾಳೆಯಲ್ಲಿ ಬರೆದು, ತಿದ್ದಿ, ಆಮೇಲೆ ಇಲ್ಲಿ ಇಳಿಸುತ್ತಿದ್ದೇನೆ. ಆದರೂ ತಪ್ಪು ಉಳಿದಿದ್ದರೆ ಓದುವವರು ಹೊಟ್ಟೆಗೆ ಹಾಕಿಕೊಳ್ಳಬೇಕು.

ಇದು ನನ್ನ ಚಿಕ್ಕಮ್ಮನ ವಿಷಯ. ಶಾಲೆ ಬಿಟ್ಟಾಗಿನಿಂದ ನಾನು ಅವಳ ಮನೆಯಲ್ಲೇ ಇದ್ದೇನೆ. ಕೃತಕ ಕಾಲು ಮಾಡಿ, ಕೊಳ್ಳಲಾಗದವರಿಗೆ ಉಚಿತವಾಗಿ ಜೋಡಿಸುವ ಒಂದು ಸಂಸ್ಥೆಯಲ್ಲಿ ಅವಳಿಗೆ ಕೆಲಸ. ಕಾಲು ಮಾಡುವವರು ಕೆಳಗಿನ ವರ್ಕ್‌ಶಾಪಿನಲ್ಲಿ ಉಜ್ಜುತ್ತಾ ಕೊರೆಯುತ್ತಾ ಇರುತ್ತಾರೆ. ಇವಳು ಮೇಲೆ, ಮೆಟ್ಟಿಲ ಪಕ್ಕದ ಕೋಣೆಯಲ್ಲಿ. ಸಂಸ್ಥೆ ಹೊರಗಿನವರಿಗೆ ಹೇಳಬೇಕಾದ್ದನ್ನೆಲ್ಲ ಬರೆಯುವವಳು ಅವಳೇ. ದಾನಿಗಳಿಗೆ ಪತ್ರ, ಫೋನಿಗೆ ಕಳಿಸುವ ಸಂದೇಶ, ಆಸ್ಪತ್ರೆ ಬಾಗಿಲಿಗೆ ಅಂಟಿಸುವ ಪೋಸ್ಟರು, ಎಲ್ಲ. ಅವಳ ಗೋಡೆಯ ತುಂಬ ಒಂದು ದೊಡ್ಡ ಕ್ಯಾಲೆಂಡರ್. ಅದರಲ್ಲಿ ಸಕ್ಕರೆ ಕಾಯಿಲೆಯ ದಿನ, ರಸ್ತೆ ಅಪಘಾತದಲ್ಲಿ ಹೋದವರನ್ನು ನೆನೆಯುವ ದಿನ, ಡಿಸೆಂಬರ್ ಮೊದಲಲ್ಲಿ ಅಂಗವಿಕಲರ ದಿನ ಎಂದು ಬಣ್ಣಬಣ್ಣದ ಚೀಟಿಗಳು. ಸಂಸ್ಥೆಯಲ್ಲಿ ಎಲ್ಲರೂ ಅವಳನ್ನು ಕ್ಯಾಲೆಂಡರ್ ಮೇಡಂ ಅನ್ನುತ್ತಾರೆ.

ಯಾವ ದಿನ ಏನು ಹೇಳಬೇಕು ಎನ್ನುವುದಕ್ಕೆ ಅವಳದೇ ಒಂದು ಕ್ರಮವಿದೆ.

"ಅಂಗವಿಕಲರ ದಿನ ದುಡ್ಡು ಕೇಳಬಾರದು ಕಣೇ," ಅನ್ನುತ್ತಾಳೆ. "ಅವತ್ತು ಅವರ ಮಾತು ಹೇಳಿ ಸುಮ್ನಾಗ್ಬೇಕು. ನೆಂಟರ ಮನೆ ಬಾಗಿಲಲ್ಲಿ ಚಪ್ಪಲಿ ಬಿಡೋಕೆ ಮುಂಚೆನೇ ಸಾಲ ಕೇಳ್ತಾರಾ ಯಾರಾದ್ರೂ? ಕೂತು, ನೀರು ಕುಡಿದು, ಮಾತಾಡಿ, ಆಮೇಲೆ. ಕೇಳೋದೇನಿದ್ರೂ ವರ್ಷದ ಕೊನೇ ವಾರ."

ಆ ಕೊನೆಯ ವಾರವೇ ಅವಳ ಸಂಕಟ. ರಜೆಯ ಖುಷಿಯಲ್ಲಿ ಜನ ಕೈ ಬಿಚ್ಚಿ ಕೊಡುತ್ತಾರೆ. ಹಾಗಾಗಿ ಊರಿಗೆಲ್ಲ ಬಿಡುವಾದಾಗ ಇವಳಿಗೆ ಉಸಿರಾಡಲು ಪುರುಸೊತ್ತಿರುವುದಿಲ್ಲ. ಅವಳ ಮಗಳು ಚೂಟಿ ಬರುವುದೂ ಆಗಲೇ. ಚಿಕ್ಕಮ್ಮ, ಚಿಕ್ಕಪ್ಪ ಬೇರೆಯಾದ ಮೇಲೆ ಚೂಟಿ ಅಪ್ಪನ ಊರಲ್ಲಿ ಅಜ್ಜಿಯ ಜೊತೆ ಇದ್ದಾಳೆ. ಬೇಸಿಗೆ ರಜೆ ಅಪ್ಪನದು, ವರ್ಷದ ಕೊನೆಯ ಸಣ್ಣ ರಜೆ ಅಮ್ಮನದು ಎಂದು ದೊಡ್ಡವರ ನಡುವೆ ತೀರ್ಮಾನವಾಗಿದೆ.

ಹೋದ ವರ್ಷ ಚೂಟಿ ಬಂದಿದ್ದಳು. ಹೊರಗೆ ಹೋಗೋಣವೆಂದು ಬೂಟು ಹಾಕಿಕೊಂಡು ಕುರ್ಚಿಯ ತುದಿಯಲ್ಲಿ ಕೂತಿದ್ದಳು. ಚಿಕ್ಕಮ್ಮ ಫೋನಿನಿಂದ ತಲೆ ಎತ್ತದೆ "ಐದೇ ನಿಮಿಷ ಪುಟ್ಟ" ಅನ್ನುತ್ತಲೇ ಇದ್ದಳು. ಚೂಟಿ ಬೂಟು ಬಿಚ್ಚಿದಳು. ಮಾರನೆಯ ದಿನ ಅಪ್ಪನಿಗೆ ತಾನೇ ಫೋನ್ ಮಾಡಿ ಕರೆಸಿಕೊಂಡಳು. ಹೊರಡುವಾಗ ಅವಳು ಅಳಲಿಲ್ಲ, ಜಗಳವನ್ನೂ ಆಡಲಿಲ್ಲ.

"ಮುಂದಿನ ಸಲ ನೀನು ಕೆಲಸ ಇಟ್ಕೊಳ್ಳಲ್ಲ ಅಂದ್ರೆ ಬರ್ತೀನಿ ಅಮ್ಮ. ಇಲ್ದಿದ್ರೆ ಅಲ್ಲೇ ಇರ್ತೀನಿ. ಅಲ್ಲಿ ನಾಯಿಮರಿನಾದ್ರೂ ಇದೆ."

ಅದಕ್ಕೇ ಈ ವರ್ಷ ಚಿಕ್ಕಮ್ಮ ಜುಲೈಯಲ್ಲೇ ಡಿಸೆಂಬರ್ ಶುರು ಮಾಡಿದಳು. ಕೊನೆಯ ವಾರದ ಪತ್ರ, ಶುಭಾಶಯ, ಚಿತ್ರ, ಎಲ್ಲವನ್ನೂ ಆಗಲೇ ಮುಗಿಸಿಟ್ಟು, ಸಂದೇಶಗಳು ಆಯಾ ದಿನ ತಾವೇ ಹೋಗುವ ಹಾಗೆ ಕಂಪ್ಯೂಟರಿನಲ್ಲಿ ಗೊತ್ತು ಮಾಡಿಡುವುದು ಎಂದು ಹಟ ಹಿಡಿದಳು. ಹೊಸ ಕಾಲು ಹಾಕಿಸಿಕೊಂಡ ವಾಚ್‌ಮನ್ ಅಣ್ಣನನ್ನು ಸೆಖೆಯಲ್ಲಿ ಸ್ವೆಟರ್ ತೊಡಿಸಿ ಗೇಟಿನ ಮುಂದೆ ನಿಲ್ಲಿಸಿ ಫೋಟೋ ತೆಗೆದಳು. ಅವರ ಹಣೆಯಿಂದ ಬೆವರು ಇಳಿಯುತ್ತಿತ್ತು.

"ಮೇಡಂ, ಕಾಲು ಕೊಟ್ರಿ, ಸಂತೋಷ. ಈಗ ಜೀವ ತೆಗಿಬೇಡಿ," ಅಂದರು.

ಅಕೌಂಟೆಂಟ್ ಕಿಟಕಿಯಿಂದ ನೋಡುತ್ತಿದ್ದರು. "ಏನ್ ಮೇಡಂ, ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿತಿದೀರಾ?"

"ಹೊಲಿದಿಟ್ರೆ ಕೂಸು ಬಂದಾಗ ಎತ್ಕೊಳ್ಳೋಕೆ ಕೈ ಖಾಲಿ ಇರುತ್ತೆ ಸರ್," ಅಂದಳು ಚಿಕ್ಕಮ್ಮ.

ವರ್ಷದ ಕೊನೆಯ ಪತ್ರಕ್ಕೆ ಅವಳು ಆರಿಸಿಕೊಂಡಿದ್ದು ಟೈಲರಮ್ಮನ ಕತೆ. ಸಕ್ಕರೆ ಕಾಯಿಲೆಯಿಂದ ಅವರ ಬಲಗಾಲು ಹೋಗಿತ್ತು. ಹೊಸ ಕಾಲು ಬರುವವರೆಗೆ ಅವರ ಯಜಮಾನರು ನೆಲದ ಮೇಲೆ ಕೂತು ಹೊಲಿಗೆ ಯಂತ್ರದ ಪೆಡಲನ್ನು ಕೈಯಿಂದ ಒತ್ತುತ್ತಿದ್ದರಂತೆ, ಇವರು ಮೇಲೆ ಕೂತು ಬಟ್ಟೆ ಹಿಡಿಯುತ್ತಿದ್ದರಂತೆ. ಈಗ ಟೈಲರಮ್ಮ ತಾವೇ ತುಳಿಯುತ್ತಾರೆ. ಸಂಜೆ ಇಬ್ಬರೂ ಮಾರ್ಕೆಟ್ಟಿಗೆ ನಡೆದು ಹೋಗುತ್ತಾರೆ. "ಅವರದು ಆಮೆ ನಡಿಗೆ. ಮೂಲೆ ಮೂಲೆಗೂ ನಾನೇ ನಿಂತು ಕಾಯ್ಬೇಕು," ಎಂದು ಟೈಲರಮ್ಮ ನಕ್ಕ ಸಾಲಿನಿಂದ ಪತ್ರ ಮುಗಿಯುತ್ತಿತ್ತು. ನವೆಂಬರಿನಲ್ಲಿ ಅಚ್ಚಾಗಿ ಬಂತು. ವಿಳಾಸದ ಚೀಟಿಗಳನ್ನು ನಾನೇ ಅಂಟಿಸಿದೆ, ಒಂದೂ ಓರೆಯಾಗದ ಹಾಗೆ.

ಚಿಕ್ಕಮ್ಮನದು ಒಂದು ಕಟ್ಟುನಿಟ್ಟು. ಯಾರ ಕತೆಯೋ ಅವರಿಗೆ ಕೊನೆಯದಾಗಿ ಒಮ್ಮೆ ಓದಿ ಹೇಳದೆ ಅದು ಅಂಚೆಗೆ ಹೋಗಬಾರದು. ಅಂಗವಿಕಲರ ದಿನ ಮುಗಿದ ಮೇಲೆ ನಾವಿಬ್ಬರೂ ಟೈಲರಮ್ಮನ ಮನೆಗೆ ಹೋದೆವು. ಅವರು ಹೊಲಿಯುತ್ತಲೇ "ಓದಿ ಮೇಡಂ, ಕೇಳಿಸ್ಕೊಳ್ತೀನಿ" ಅಂದರು. ಚಿಕ್ಕಮ್ಮ ಓದುತ್ತಾ ಹೋದಳು. ಮಾರ್ಕೆಟ್ಟಿನ ಸಾಲು ಬಂದಾಗ ಯಂತ್ರ ನಿಂತಿತು.

"ಅವರು ಹೋಗಿ ತಿಂಗಳ ಮೇಲಾಯ್ತು ಮೇಡಂ. ಮಲಗಿದವರು ಏಳಲಿಲ್ಲ."

ಚಿಕ್ಕಮ್ಮ ಹಾಳೆಯನ್ನು ಮಡಿಲಲ್ಲಿ ಇಟ್ಟುಕೊಂಡಳು. ಟೈಲರಮ್ಮನೇ ಅಂದರು, "ಹಾಗೇ ಕಳಿಸ್ಬಿಡಿ. ಕಾಗದದಲ್ಲಾದ್ರೂ ನನ್ನ ಹಿಂದೆ ನಡ್ಕೊಂಡು ಬರ್ತಿರ್ಲಿ."

ಸಂಸ್ಥೆಯ ಕಾರ್ಯದರ್ಶಿಯೂ ಅದನ್ನೇ ಹೇಳಿದರು. "ಅವರೇ ಒಪ್ಪಿದ ಮೇಲೆ ಇನ್ನೇನು ಮೇಡಂ?"

"ಅವರಿಗೆ ಆಸೆ ಸರ್, ಅದಕ್ಕೆ ಒಪ್ಪಿದಾರೆ. ಪತ್ರ ಓದಿದ ಯಾರೋ ಅಂಗಡೀಲಿ ಸಿಕ್ಕಿ, ನಿಮ್ಮ ಯಜಮಾನ್ರು ಹೇಗಿದಾರೆ ಅಂದ್ರೆ ಅವರು ಏನು ಹೇಳ್ಬೇಕು?"

ಅಚ್ಚಾದ ಪತ್ರಗಳೆಲ್ಲ ಮೂಲೆ ಸೇರಿದವು. ಚಿಕ್ಕಮ್ಮ ದಿನವೂ ಟೈಲರಮ್ಮನ ಮನೆಗೆ ಹೋಗಿ ಕೂತಳು. ಅವರು ಒಂದು ದಿನ ಎರಡು ಮಾತು ಆಡುವರು, ಇನ್ನೊಂದು ದಿನ ಏನೂ ಇಲ್ಲ. ಇವಳು ಅವಸರ ಮಾಡಲಿಲ್ಲ. ಗುಂಡಿ ಹಚ್ಚಿ ಕೊಡುತ್ತಿದ್ದಳು. ಹೊಸ ಪತ್ರ ಬರೆದು, ಅಚ್ಚು ಹಾಕಿಸಿ, ಮತ್ತೆ ವಿಳಾಸ ಅಂಟಿಸುವ ಕೆಲಸ ಸರಿಯಾಗಿ ಚೂಟಿ ಬರುವ ದಿನಗಳ ಮೇಲೇ ಬಂದು ಬಿತ್ತು.

ಚಿಕ್ಕಮ್ಮ ಅಡುಗೆಮನೆಯಲ್ಲಿ ನಿಂತು ಫೋನ್ ಮಾಡಿದಳು. ನಾನು ಪಾತ್ರೆ ತೊಳೆಯುವುದನ್ನು ನಿಲ್ಲಿಸಿದೆ.

"ಚೂಟಿ, ನೀನು ಬಾ ಕಂದ. ಮೊದಲ ಎರಡು ಮೂರು ದಿನ ಮಾತ್ರ ನಂಗೆ ಸ್ವಲ್ಪ..."

"ಕೆಲಸ ಇದೆ. ಗೊತ್ತಿತ್ತು."

"ಅಲ್ಲ ಪುಟ್ಟ, ಈ ಸಲ ನಿಜವಾಗ್ಲೂ..."

"ಪ್ರತಿ ಸಲಾನೂ ನಿಜವಾಗ್ಲೂನೇ ಇರುತ್ತೆ ಅಮ್ಮ."

ಆಮೇಲೆ ಅಜ್ಜಿ ಫೋನ್ ತೆಗೆದುಕೊಂಡು, ಮಗು ಸಪ್ಪಗಾಗಿದೆ, ಬಲವಂತ ಬೇಡ ಅಂದರು. ಚೂಟಿ ಬರಲಿಲ್ಲ.

ಹೊಸ ಪತ್ರ ಹೊರಟಿತು. ಅದರ ಕೊನೆಯಲ್ಲಿ ಟೈಲರಮ್ಮನ ಮಾತು ಹೀಗಿದೆ: "ಈಗ ಮಾರ್ಕೆಟ್ಟಿಗೆ ಒಬ್ಬಳೇ ಹೋಗುತ್ತೇನೆ. ಮೂಲೆ ತಿರುಗುವಾಗ ಈಗಲೂ ನಿಂತುಬಿಡುತ್ತೇನೆ. ಆಮೇಲೆ ಮುಂದೆ ನಡೆಯುತ್ತೇನೆ."

ಅಲ್ಲಿಗೆ ಚಿಕ್ಕಮ್ಮನಿಗೆ ಮಾಡಲು ಏನೂ ಉಳಿಯಲಿಲ್ಲ. ಮಿಕ್ಕಿದ್ದೆಲ್ಲ ಜುಲೈಯಲ್ಲೇ ಮುಗಿದಿತ್ತಲ್ಲ. ವರ್ಷದ ಕೊನೆಯ ದಿನಗಳಲ್ಲಿ ಅವಳು ಮನೆಯಲ್ಲೇ ಇದ್ದದ್ದನ್ನು ನಾನು ಮೊದಲ ಸಲ ನೋಡಿದೆ. ಚೂಟಿಗೆಂದು ತಂದ ಹಾಸಿಗೆ ಬಟ್ಟೆಯನ್ನು ಹಾಸಿದಳು. ಸಂಜೆ ತೆಗೆದು ಮಡಿಸಿದಳು. ಮಾರನೆಯ ದಿನ ಮತ್ತೆ ಹಾಸಿದಳು. ಎದುರುಮನೆಯ ಮಕ್ಕಳು ಬೀದಿಯಲ್ಲಿ ಸೈಕಲ್ ಓಡಿಸುವುದನ್ನು ಕಿಟಕಿಯಿಂದ ನೋಡುತ್ತಾ ನಿಲ್ಲುವಳು.

ಸಂದೇಶಗಳು ಸರಿಯಾಗಿ ಹೋಗುತ್ತಿವೆಯೇ ಎಂದು ತಿಳಿಯಲು ಅವಳು ಯಾವಾಗಲೂ ತನ್ನ ನಂಬರನ್ನೂ ದಾನಿಗಳ ಜೊತೆ ಸೇರಿಸಿರುತ್ತಾಳೆ. ಫೋನ್ ಸದ್ದು ಮಾಡಿದಾಗಲೆಲ್ಲ ಒದ್ದೆ ಕೈಯಲ್ಲೇ ಓಡುವಳು.

"ಯಾರು ಚಿಕ್ಕಮ್ಮ, ಚೂಟಿನಾ?"

"ಇಲ್ಲ ಕಣೇ. ನಾನೇ." ಒಮ್ಮೆ ಫೋನನ್ನು ನನ್ನ ಕಡೆ ತಿರುಗಿಸಿ ತೋರಿಸಿದಳು. 'ನಿಮ್ಮವರೆಲ್ಲರ ಜೊತೆ ಈ ರಜೆ ನೆಮ್ಮದಿಯಾಗಿ ಕಳೆಯಲಿ' ಎಂದಿತ್ತು. ಕೆಳಗೆ ಸ್ವೆಟರ್ ತೊಟ್ಟ ವಾಚ್‌ಮನ್ ಅಣ್ಣ. ಅವಳು ನಗಲು ನೋಡಿದಳು.

ನಾನು ಧೈರ್ಯ ಮಾಡಿ ಕೇಳಿದೆ. "ಟೈಲರಮ್ಮನ ವಿಷಯ ಚೂಟಿಗೆ ಹೇಳ್ಬಹುದಿತ್ತಲ್ಲ?"

"ನನ್ನ ತಪ್ಪಿಗೆ ಇನ್ನೊಬ್ಬರ ದುಃಖಾನ ಅಡ್ಡ ಹಿಡಿಯೋಕಾಗುತ್ತಾ? ಅವಳಿಗೆ ಬೇಕಾಗಿದ್ದು ಅಮ್ಮ, ಕಾರಣ ಅಲ್ಲ." ಫೋನನ್ನು ಕೆಳಗಿಟ್ಟು ಮೆಲ್ಲಗೆ ಅಂದಳು, "ಕೂದಲು ಎಷ್ಟುದ್ದ ಬಂದಿದೆಯೋ ಏನೋ. ಹೋದ ಸಲ ಹೆಗಲು ಮುಟ್ಟುತ್ತಿತ್ತು."



ಇವತ್ತು ಟೈಲರಮ್ಮನ ಮನೆಗೆ ಒಬ್ಬಳೇ ಹೋಗಿ, ನಿಮ್ಮ ವಿಷಯವನ್ನು ಒಬ್ಬಳಿಗೆ ಹೇಳಲೇ ಎಂದು ಕೇಳಿದೆ. ಯಾರಿಗೆ, ಯಾಕೆ ಎಂದು ಕೇಳಿ ತಿಳಿದುಕೊಂಡು, "ಹೇಳಮ್ಮ, ಹೇಳು" ಅಂದರು. ಚೂಟಿಯ ಶಾಲೆ ತೆರೆಯಲು ಇನ್ನೂ ಸಮಯವಿದೆ. ಬೇರೆಯಾದ ಮೇಲೆ ಚೂಟಿಯ ಅಜ್ಜಿ ಮನೆಯ ಹೊಸಿಲು ಚಿಕ್ಕಮ್ಮ ತುಳಿಯುವ ಹಾಗಿಲ್ಲ, ನನಗೆ ಅಡ್ಡಿಯಿಲ್ಲ. ನಾಳೆ ಬೆಳಗಿನ ಬಸ್ಸಿಗೆ ಹೋಗಿ ಚೂಟಿಗೆ ನಡೆದದ್ದನ್ನೆಲ್ಲ ಹೇಳುತ್ತೇನೆ. ಬರುತ್ತೇನೆ ಅಂದರೆ ಕರೆದುಕೊಂಡು ಬರುತ್ತೇನೆ. ಇಲ್ಲವೆಂದರೆ ಅವಳ ಕೂದಲು ಎಷ್ಟುದ್ದ ಇದೆ ಎಂದು ನೋಡಿಕೊಂಡು ಸಂಜೆಯ ಬಸ್ಸಿಗೆ ವಾಪಸಾಗುತ್ತೇನೆ.