ಮುಚ್ಚಿದ ಕೋಣೆಯ ಗೆರೆ

ಇದನ್ನು ನಂಬಿ ಎಂದು ನಾನು ಯಾರ ಕೈಕಾಲೂ ಹಿಡಿಯುವುದಿಲ್ಲ. ನಂಬಬೇಕೆಂಬ ಆಸೆ ನನಗೂ ಇಲ್ಲ. ಆದರೆ ನಡೆದದ್ದು ಹೌದು. ಪರ್ಕಳದ ನಮ್ಮ ಮನೆಯಲ್ಲೇ, ಮನೆ ತುಂಬ ಜನ ಇರುವಾಗಲೇ.

ನನ್ನ ಅಣ್ಣ ಮದುವೆ ವಿಡಿಯೊ ಎಡಿಟ್ ಮಾಡುತ್ತಿದ್ದ. ಕೊನೆಗೆ ಎಲ್ಲವನ್ನೂ ಒಂದು ಫೈಲ್ ಮಾಡಲು ಕಂಪ್ಯೂಟರ್‌ಗೆ ಗಂಟೆಗಟ್ಟಲೆ ಬೇಕು. ಅದನ್ನು ಹಾಕಿಟ್ಟು ಅವನು ಶೂಟಿಂಗ್‌ಗೆ ಹೊರಟುಬಿಡುತ್ತಿದ್ದ. ನಡುವೆ ಬಿಸಿಯಾಗಿ ನಿಂತುಹೋದರೆ ತಿಳಿಯಲಿ ಎಂದು ಒಂದು ಮಾನಿಟರಿಂಗ್ ಸಾಫ್ಟ್‌ವೇರ್ ಹಾಕಿ, ನನ್ನ ಮೊಬೈಲಿಗೂ ಜೋಡಿಸಿಕೊಟ್ಟಿದ್ದ. ಸಿಪಿಯು ಎಷ್ಟು ದುಡಿಯುತ್ತಿದೆ, ಎಷ್ಟು ಬಿಸಿಯಾಗಿದೆ, ಫ್ಯಾನ್ ಎಷ್ಟು ವೇಗದಲ್ಲಿದೆ... ಎಲ್ಲವೂ ಗೆರೆಗಳಾಗಿ ಕಾಣುತ್ತದೆ.

ಮಣಿಪಾಲದ ಆಫೀಸಿನಲ್ಲಿ ಕೂತು ನೋಡಿ ನೋಡಿ, ಗೆರೆಯಲ್ಲೇ ನನಗೆ ಅವನ ಗುರುತು ಹತ್ತಿತ್ತು. ಅವನು ವಿಡಿಯೊ ಕಟ್ ಮಾಡುವಾಗ ಗೆರೆಯಲ್ಲಿ ಗರಗಸದ ಹಾಗೆ ಚಿಕ್ಕ ಚಿಕ್ಕ ಹಲ್ಲುಗಳು ಏಳುತ್ತವೆ. ಆಮೇಲೆ ಸ್ವಲ್ಪ ಬಿಡುವು. ಆ ಬಿಡುವಿನಲ್ಲಿ ಅವನು ಗಲ್ಲಕ್ಕೆ ಕೈಕೊಟ್ಟು ಯೋಚಿಸುತ್ತಿರುತ್ತಾನೆ.

ಕಾಪುವಿನಲ್ಲಿ ಒಂದು ಮದುವೆ ಮುಗಿಸಿ ಬರುವಾಗ ಬೈಕ್ ಅಪಘಾತವಾಯಿತು. ಅಣ್ಣ ಹೋಗಿಬಿಟ್ಟ. ಮನೆಯಲ್ಲಿ ಕಂಪ್ಯೂಟರ್ ಆನ್ ಇತ್ತು, ಆಫ್ ಮಾಡಲು ನಾನು ಯಾರನ್ನೂ ಬಿಡಲಿಲ್ಲ. ನನಗೆ ಅಳು ಬರಲಿಲ್ಲ. ಮೊಬೈಲಿನಲ್ಲಿ ನೆಲಕ್ಕಂಟಿ ಹರಿಯುವ ಆ ಗೆರೆಯನ್ನು ನೋಡುತ್ತಾ ಕೂರುತ್ತಿದ್ದೆ, ಅಷ್ಟೇ.

ಸತ್ತವರನ್ನು ಹದಿನಾರನೆಯ ದಿನ ಕತ್ತಲಾದ ಮೇಲೆ ಮನೆಯೊಳಗೆ ಕರೆಯುವ ಕ್ರಮ ನಮ್ಮಲ್ಲಿದೆ. ಅವರಿಗೆ ಇಷ್ಟವಾದದ್ದನ್ನು ಎಲೆಯಲ್ಲಿ ಬಡಿಸಿ, ದೀಪವಿಟ್ಟು, ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಸದ್ದಿಲ್ಲದೆ ಕಾಯಬೇಕು. ಒಂದು ಅಗುಳಾದರೂ ಅಲುಗಿದ್ದರೆ ಬಂದರು, ಉಂಡರು, ಇನ್ನು ಅಲೆದಾಟವಿಲ್ಲ ಎಂದು ಸಮಾಧಾನ. ಅಮ್ಮ ಆ ಒಂದು ಅಗುಳಿಗಾಗಿಯೇ ಜೀವ ಹಿಡಿದುಕೊಂಡಿದ್ದರು.

ಅಣ್ಣನ ಕೋಣೆಯಲ್ಲೇ ಬಡಿಸಿದೆವು. ಕುಚ್ಚಲಕ್ಕಿ ಅನ್ನ, ಕೋಳಿ ಸಾರು ಹಾಕಿದ ಕೋರಿ ರೊಟ್ಟಿ, ಹುರಿದ ಬಂಗುಡೆ ಮೀನು. ದೀಪ ಬಿಟ್ಟು ಬೇರೆ ಬೆಳಕು ಇರಬಾರದೆಂದು ಸೋದರಮಾವ ಲೈಟ್ ಆರಿಸಿದರು, ಕಂಪ್ಯೂಟರಿನ ಪರದೆಯನ್ನೂ ಆಫ್ ಮಾಡಿದರು. ಪರದೆ ಕಪ್ಪಾದರೆ ಕಂಪ್ಯೂಟರ್ ನಿಂತಿತೆಂದೇ ಅವರು ತಿಳಿದದ್ದು. ಮೇಜಿನಡಿಯ ಪೆಟ್ಟಿಗೆ ಓಡುತ್ತಲೇ ಇತ್ತು. ನಾನು ಹೇಳಲಿಲ್ಲ.

"ಬಾ ಮಗಾ, ಊಟ ಮಾಡು," ಎಂದು ಕರೆದು ಮಾವ ಬಾಗಿಲು ಎಳೆದುಕೊಂಡರು.

ಚಾವಡಿಯಲ್ಲಿ ಊದುಬತ್ತಿಯ ವಾಸನೆ. ಯಾರೂ ಕೆಮ್ಮಲೂ ಇಲ್ಲ. ಆಗ ಬಾಗಿಲ ಆಚೆಯಿಂದ... ಕಂಪ್ಯೂಟರ್ ಫ್ಯಾನಿನ ಸದ್ದು. ಮೆಲ್ಲಗೆ ಏರುತ್ತಾ ಬಂತು. ನಾನು ಶಾಲಿನ ಮರೆಯಲ್ಲಿ ಮೊಬೈಲ್ ತೆರೆದೆ.

ಗೆರೆ ಎದ್ದಿತ್ತು. ಚಿಕ್ಕ ಹಲ್ಲು, ಚಿಕ್ಕ ಹಲ್ಲು... ಬಿಡುವು. ಮತ್ತೆ ಹಲ್ಲು. ಯಾವ ಪ್ರೋಗ್ರಾಂ ದುಡಿಯುತ್ತಿದೆ ಎಂದು ತೋರಿಸುವ ಕಡೆ ಅವನ ಎಡಿಟಿಂಗ್ ಸಾಫ್ಟ್‌ವೇರಿನ ಹೆಸರು ಎಲ್ಲಕ್ಕಿಂತ ಮೇಲೆ ಬಂದಿತ್ತು. ನನಗೆ ಹೆದರಿಕೆ ಬರಲಿಲ್ಲ. ಕೆಲಸದಲ್ಲಿದ್ದಾನೆ ಎಂದಷ್ಟೇ ಅನಿಸಿತು.

ಮಾವ ಬಾಗಿಲು ತಟ್ಟಿದರು. ಗೆರೆ ಒಮ್ಮೆಲೇ ನೆಲಕ್ಕೆ ಬಿತ್ತು.

ಒಳಗೆ ಬಿಸಿಯಾದ ಪ್ಲಾಸ್ಟಿಕ್ಕಿನ ವಾಸನೆ ತುಂಬಿತ್ತು. ಎಲೆ ಬಡಿಸಿದ ಹಾಗೆಯೇ ಇತ್ತು. ಒಂದು ಅಗುಳೂ ಅಲುಗಿರಲಿಲ್ಲ.

ಮಾವ ತಲೆ ತಗ್ಗಿಸಿದರು. ಅಮ್ಮ ಬಗ್ಗಿ ಎಲೆಯನ್ನು ಹತ್ತಿರದಿಂದ ನೋಡಿದರು. ಮೊಬೈಲಿನ ಗೆರೆಯ ವಿಷಯ ಅವರಿಗೆ ಆಗಲೂ ಗೊತ್ತಿರಲಿಲ್ಲ, ಈಗಲೂ ಗೊತ್ತಿಲ್ಲ.

"ಕೆಲಸ ಉಂಟು ಅಂತ ಕಾಣ್ತದೆ ಅವನಿಗೆ," ಎಂದರು ಅಮ್ಮ ಮೆಲ್ಲಗೆ. "ಕೆಲಸ ಇದ್ದರೆ ಎಷ್ಟು ಕರೆದರೂ ಊಟಕ್ಕೆ ಏಳುವವನಲ್ಲ ಅಲ್ವಾ."

ಆಫೀಸಿನ ಗೆಳತಿಯೊಬ್ಬಳಿಗೆ ಮಾತ್ರ ಹೇಳಿದೆ. "ಎಂತದೋ ಅಪ್‌ಡೇಟ್ ಆಗಿರ್ತದೆ ಮಾರಾಯ್ತಿ. ತೆರೆದಿಟ್ಟ ಸಾಫ್ಟ್‌ವೇರ್ ತನ್ನಷ್ಟಕ್ಕೆ ಸೇವ್ ಮಾಡಿಕೊಳ್ತದೆ," ಎಂದಳು. ಇರಬಹುದು. ಬಾಗಿಲು ತಟ್ಟಿದ ಕ್ಷಣಕ್ಕೇ ಯಾಕೆ ನಿಂತಿತು ಎಂದು ನಾನು ಕೇಳಲಿಲ್ಲ.

ಅಮಾವಾಸ್ಯೆಗೆ ಇನ್ನೊಮ್ಮೆ ಬಡಿಸೋಣ ಎಂದು ಮಾವ ಹೇಳಿದ್ದಾರೆ. ಅದು ನಾಳೆ. ಅಣ್ಣ ಎದ್ದು ಬಂದು ಉಣ್ಣಬೇಕಾದರೆ ಅದಕ್ಕೂ ಮೊದಲು ಕಂಪ್ಯೂಟರ್ ಆಫ್ ಆಗಬೇಕು. ಇದು ಗೊತ್ತಿರುವುದು ನನಗೊಬ್ಬಳಿಗೆ. ಆಫ್ ಆದರೆ ಮೊಬೈಲಿನಲ್ಲಿ ಗೆರೆಯೂ ಇರುವುದಿಲ್ಲ.

ಇವತ್ತು ಬೆಳಿಗ್ಗೆ ಮೇಜಿನಡಿ ಬಗ್ಗಿ ಬಟನ್ ಮೇಲೆ ಬೆರಳಿಟ್ಟೆ. ಪೆಟ್ಟಿಗೆ ಬೆಚ್ಚಗಿತ್ತು... ಕೈ ತೆಗೆದುಬಿಟ್ಟೆ.