ವಲ್ಲಿಯ ಕೆಳಗಿನ ಗಣಿತ

ಮೊನ್ನೆ ನೆರೆಮನೆಯ ಹುಡುಗಿ ಲೆಕ್ಕದ ಪುಸ್ತಕ ತಂದು ನನ್ನ ಮುಂದೆ ಹರವಿದಳು. ಅದರಲ್ಲೊಂದು ಘನದ ಚಿತ್ರ. ಹಿಂದೆ ಅಡಗಿದ ಅಂಚುಗಳಿಗೆ ಚುಕ್ಕೆಚುಕ್ಕೆಯ ಗೆರೆ. ನನಗೆ ನಗು ಬಂತು. ನನ್ನ ಕಾಲದಲ್ಲೂ ಆ ಚುಕ್ಕೆಗಳಿದ್ದವು. ನೋಡುವ ಬುದ್ಧಿ ನನಗಿರಲಿಲ್ಲ, ಅಷ್ಟೆ.

ಮಿರಜಿನ ಕನ್ನಡ ಶಾಲೆಯಲ್ಲಿ ಆಗ ನಾನು ನಾಲ್ಕನೇ ಇಯತ್ತೆ. ನಮ್ಮ ಟೀಚರನ್ನು ಬಾಯಾರು ಎಂದು ಕರೆಯುತ್ತಿದ್ದೆವು. ಘನಕ್ಕೆ ಎಷ್ಟು ಮುಖ ಎಂದು ಅವರು ಕೇಳಿದರೆ ನನ್ನ ಉತ್ತರ ಮೂರು. ಹಲಗೆಯ ಮೇಲೆ ಕಾಣುತ್ತಿದ್ದುದೇ ಮೂರು. ಕಾಣದ್ದನ್ನು ಎಣಿಸುವುದು ಸುಳ್ಳು ಹೇಳಿದ ಹಾಗಲ್ಲವೇ? "ಪರೀಕ್ಷಾದಾಗ ಹಿಂಗ ಹೇಳಿದ್ರ ಇದ ವರ್ಗದಾಗ ಕುಂಡ್ರಬೇಕಾಗ್ತೈತಿ ನೋಡು" ಎಂದರು ಬಾಯಾರು. ಗೆಳತಿಯರೆಲ್ಲ ಐದನೆಯದಕ್ಕೆ ಹೋಗಿ ನಾನೊಬ್ಬಳೇ ಉಳಿಯುವುದನ್ನು ನೆನೆದು ಮನೆಗೆ ಬಂದು ಅತ್ತೆ.

ಮನೆಯಲ್ಲಿ ಸಿಕ್ಕಿದವರು ಕಾಕಾ, ಅಪ್ಪನ ತಮ್ಮ. ಸಾಂಗ್ಲಿ ಪೇಟೆಯಲ್ಲಿ ಅರಿಶಿನದ ದಲಾಲಿ ಮಾಡುವವರು. ಮೊದಲು ಅಲ್ಲಿ ಸೌದಾ ನಡೆಯುತ್ತಿದ್ದುದು ವಲ್ಲಿಯ ಕೆಳಗೆ: ಹೆಗಲ ಮೇಲಿನ ಬಟ್ಟೆಯನ್ನು ಕೈಗಳ ಮೇಲೆ ಹೊದಿಸಿ, ಬೆರಳು ಒತ್ತಿ ದರ ತಿಳಿಸುವುದು. ಪಕ್ಕದವನಿಗೆ ಸುಳಿವು ಹತ್ತುತ್ತಿರಲಿಲ್ಲ. ಸಹಕಾರಿ ಸಂಘಗಳ ಗಾಳಿ ಬೀಸಿತು ನೋಡಿ, ಎಲ್ಲರೆದುರು ಕೂಗಿಯೇ ಲಿಲಾವು ಮಾಡಬೇಕೆಂದಾಯಿತು. ರೈತರಿಗೆ ಒಳ್ಳೆಯದೇ ಆಯಿತು ಅನ್ನಿ. ಕಾಕಾ ಮಾತ್ರ ಕೂಗಲು ನಾಚಿ, ಎರಡು ವಾರದಿಂದ ಮನೆ ಹಿಡಿದು ಕುಳಿತಿದ್ದರು.

"ಕಣ್ಣ ಮುಚ್ಚು. ಕೈ ಕೊಡು" ಎಂದರು, ನನ್ನ ಗೋಳು ಕೇಳಿ. ವಲ್ಲಿಯ ಕೆಳಗೆ ನನ್ನ ಒಂದು ಕೈಗೆ ಕಡ್ಡಿಪೆಟ್ಟಿಗೆ ಬಂತು, ಇನ್ನೊಂದಕ್ಕೆ ಕಾಕಾನ ಅಂಗೈ. "ಎಷ್ಟ ಮಾರಿ ಅದಾವ ಇದಕ್ಕ? ಹೇಳಬ್ಯಾಡ, ಒತ್ತು."

ಮುಖಕ್ಕೆ ಮಾರಿ, ಅಂಚಿಗೆ ದಂಡಿ, ಶೃಂಗಕ್ಕೆ ಮೂಲಿ. ಕಾಕಾನ ಗಣಿತ ಇಷ್ಟೇ. ಬೆರಳಿಗೆ ಹಿಂದೆ ಮುಂದೆ ಎಂಬುದಿಲ್ಲ; ಪೆಟ್ಟಿಗೆಯನ್ನು ಸುತ್ತಿ ಬಂದು ಆರು ಎಂದು ಒತ್ತಿತು. ದಂಡಿ ಹನ್ನೆರಡು, ಮೂಲಿ ಎಂಟು. ಮರುದಿನ ಷಟ್ಕೋನದ ತೂಕದ ಕಲ್ಲು. ಅದರ ಮರುದಿನ ನಿಂಬೆಹಣ್ಣು. ಎಷ್ಟು ಸವರಿದರೂ ದಂಡಿಯಿಲ್ಲ, ಮೂಲೆಯಿಲ್ಲ. ನಾನು ಏನೂ ಒತ್ತದೆ ಸುಮ್ಮನೆ ಕುಳಿತೆ. "ಶಾಣ್ಯಾಕಿ!" ಎಂದು ಕಾಕಾ ಬೆನ್ನು ತಟ್ಟಿದರು.

ಪರೀಕ್ಷೆಯ ದಿನ ಬಾಯಾರು ಮೇಜಿನ ಮೇಲೆ ಷಟ್ಕೋನದ ಮರದ ಪಟ್ಟಕವನ್ನಿಟ್ಟರು. ನಾನು ಕಣ್ಣು ಮುಚ್ಚಿ ಸವರಿದೆ. ಉತ್ತರವೇನೋ ಬಂತು. ಆಮೇಲೆ ಮಾಡಿದ್ದನ್ನು ಹೇಳಲು ಈಗಲೂ ಮುಜುಗರ: ಬಾಯಾರ ಸೆರಗನ್ನೇ ಎಳೆದು ಅವರ ಕೈ ಮೇಲೆ ಹೊದಿಸಿ, ಎಂಟು ಎಂದು ಒತ್ತಿದೆ. ವರ್ಗವೆಲ್ಲ ಗೊಳ್ಳೆಂದಿತು.

"ಏನ ಮಾಡಾಕತ್ತೀಯವ್ವಾ?"

"ಉತ್ತರ ಹೇಳಾಕತ್ತೇನ್ರಿ."

"ಗೊತ್ತಿದ್ದದ್ದು ಹೇಳಾಕ ನಾಚಿಕಿ ಯಾಕ? ಎಲ್ಲಾರಿಗೂ ಕೇಳೂ ಹಂಗ ಹೇಳು."

"ಎಂಟು ಮುಖ! ಹದಿನೆಂಟು ಅಂಚು! ಹನ್ನೆರಡು ಶೃಂಗ!" ಕಿಟಕಿಯಾಚೆ ಹೋಗುತ್ತಿದ್ದ ಟಾಂಗಾದವನೂ ತಿರುಗಿ ನೋಡಿದ. ಪಾಸಾದೆ.

ಸೆರಗಿನ ಸಂಗತಿ ಕೇಳಿ ಕಾಕಾ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಬಾಯಾರ ಮಾತು ಹೇಳಿದಾಗ ನಗು ನಿಂತಿತು. ಮರುದಿನ ಬೆಳಿಗ್ಗೆ ಸಾಂಗ್ಲಿಯ ಬಸ್ಸು ಹತ್ತಿದರು. ಸಂಜೆ ಮರಳಿದಾಗ ಗಂಟಲು ಪೂರ್ತಿ ಕಟ್ಟಿತ್ತು. "ಒದರಿ ಬಂದೆ" ಎಂದರು, ಮದುಮಗನ ಹಾಗೆ ನಗುತ್ತ. ನಾನು ಕುಣಿದುಬಿಟ್ಟೆ.

ಇದನ್ನೆಲ್ಲ ಆ ಹುಡುಗಿಗೆ ಹೇಳಿ ಮುಗಿಸುವಷ್ಟರಲ್ಲಿ ನನ್ನ ಬಗ್ಗೆ ನನಗೇ ನಾಚಿಕೆಯಾಯಿತು. ನಮ್ಮ ಹೌಸಿಂಗ್ ಸೊಸಾಯಿಟಿಯ ಸಭೆಯಲ್ಲಿ ಬಾಯಿ ಬಿಗಿದುಕೊಂಡು ಕೂರುವವಳು ನಾನು. ಮಾಳಿಗೆಯ ನೀರಿನ ಟಾಕಿಯನ್ನು ಎಲ್ಲ ಕಡೆಯಿಂದ ರಿಪೇರಿ ಮಾಡಿಸಿದ್ದೇವೆ ಎನ್ನುತ್ತಾರೆ ಕಮಿಟಿಯವರು. ಮಾಡಿಸಿದ್ದು ಐದೇ ಮುಖ; ಸೋರುತ್ತಿರುವುದು ತಳ. ಬರುವ ಭಾನುವಾರ ಎದ್ದು ನಿಂತು, ಎಲ್ಲರಿಗೂ ಕೇಳುವ ಹಾಗೆ, ಆರು ಎನ್ನುತ್ತೇನೆ.